ಪರೀಕ್ಷೆ ಆಯಿತು, ವರದಿ ಕೈಗೆ ಬಂತೇ?

ನಾಂಪಲ್ಲಿ ರೈಲು ನಿಲ್ದಾಣದಿಂದ ರೆಡ್ ಹಿಲ್ಸ್‌ನ ನಿಲೋಫರ್ ಆಸ್ಪತ್ರೆಗೆ ನಡೆದೇ ಹೋಗಬಹುದು. ಕಲಬುರಗಿ, ವಾಡಿ, ಸೇಡಂ ಕಡೆಯಿಂದ ಬಂದ ಗಾಡಿ ಇಳಿದು, ಕಂಕುಳಲ್ಲಿ ಮಗು, ಕೈಯಲ್ಲಿ ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲ ಹಿಡಿದು ಆ ದಾರಿಯಲ್ಲಿ ಸಾಗುವ ಕನ್ನಡದ ಕುಟುಂಬಗಳು ಹೈದರಾಬಾದಿನ ಕನ್ನಡಿಗರಿಗೆ ಹೊಸ ನೋಟವೇನಲ್ಲ. ನಿಜಾಮರ ಕಾಲದಿಂದಲೂ ಬೀದರ್, ಗುಲ್ಬರ್ಗಾ, ರಾಯಚೂರು ಸೀಮೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಹೈದರಾಬಾದೇ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು, ರೋಗಿಗಳ ದಾರಿ ಬದಲಾಗಲಿಲ್ಲ.

ಹೀಗೆ ಬರುವವರಲ್ಲಿ ಕೆಲವರು ಬಾಯಿಬಿಟ್ಟು ಹೇಳದ ಕಾಯಿಲೆಯೊಂದಕ್ಕಾಗಿ ಬರುತ್ತಾರೆ. ಎಚ್‌ಐವಿ ಸೋಂಕಿತ ಮಕ್ಕಳ ಚಿಕಿತ್ಸೆಗೆಂದು ದೇಶದಲ್ಲಿ ಗುರುತಿಸಲಾದ ಕೆಲವೇ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತೆ ನಿಲೋಫರ್ ಸಹ ಒಂದು. ಪ್ರತಿ ವರ್ಷ ಡಿಸೆಂಬರ್ 1ರಂದು ವಿಶ್ವ ಏಡ್ಸ್ ದಿನಾಚರಣೆ ನಡೆದಾಗ ಇಷ್ಟು ಲಕ್ಷ ಜನರಿಗೆ ಪರೀಕ್ಷೆ ಮಾಡಲಾಯಿತು, ಇಷ್ಟು ಗರ್ಭಿಣಿಯರ ತಪಾಸಣೆ ಆಯಿತು ಎಂಬ ಅಂಕಿಸಂಖ್ಯೆಗಳು ಹೊರಬೀಳುತ್ತವೆ. ಕೆಲಸ ಆಗಿಲ್ಲವೆಂದು ಯಾರೂ ಹೇಳಲಾರರು. ಆದರೆ ಮಾಡಿದ ಪರೀಕ್ಷೆಗಳ ಎಣಿಕೆಯಿಂದ ಪ್ರಯೋಗಾಲಯ ಸೇವೆಯ ದಕ್ಷತೆ ತಿಳಿಯುವುದಿಲ್ಲ. ರಕ್ತ ತೆಗೆದ ದಿನದಿಂದ ಫಲಿತಾಂಶವು ಆ ವ್ಯಕ್ತಿಯ ಕೈಸೇರಿ ಔಷಧಿ ಶುರುವಾಗುವ ದಿನದವರೆಗೆ ಎಷ್ಟು ದಿನ ಹಿಡಿಯಿತು ಎಂಬುದೇ ನಿಜವಾದ ಲೆಕ್ಕ.

ಬ್ಯಾಂಕಿನ ಉದಾಹರಣೆ ಕೊಟ್ಟರೆ ಇದು ಸುಲಭವಾಗಿ ಅರ್ಥವಾದೀತು. ಹಿಂದೆ ಹೈದರಾಬಾದಿನಲ್ಲಿ ಹಾಕಿದ ಗುಲ್ಬರ್ಗಾದ ಚೆಕ್ಕು ಹಣವಾಗಿ ಖಾತೆಗೆ ಬರಲು ವಾರಗಟ್ಟಲೆ ಕಾಯಬೇಕಿತ್ತು. ಆಗ ಯಾವ ಗ್ರಾಹಕನೂ ಡಬ್ಬಿಗೆ ಬಿದ್ದ ಚೆಕ್ಕುಗಳನ್ನು ಎಣಿಸಿ ಶಾಖೆಗೆ ಶಹಬ್ಬಾಸ್ ಎನ್ನಲಿಲ್ಲ. ಹಣ ಜಮಾ ಆಯಿತೇ ಎಂದಷ್ಟೇ ಕೇಳಿದ. ಯಾರದೆಂದು ತಿಳಿಯದೆ ಸಸ್ಪೆನ್ಸ್ ಖಾತೆಯಲ್ಲಿ ಉಳಿದ ಮೊತ್ತವನ್ನು ಆಡಿಟರ್ ಮೊದಲು ಕೇಳುತ್ತಾನೆ. ಪ್ರಯೋಗಾಲಯಕ್ಕೂ ಅಂಥದೊಂದು ಸಸ್ಪೆನ್ಸ್ ಖಾತೆ ಇದೆ. ಸಿದ್ಧವಾಗಿದ್ದೂ ಯಾರೂ ಒಯ್ಯದ ವರದಿಗಳು ಅಲ್ಲಿರುತ್ತವೆ. ಅವುಗಳ ಸಂಖ್ಯೆಯನ್ನು ಮಾತ್ರ ಯಾವ ಭಾಷಣದಲ್ಲೂ ಓದುವುದಿಲ್ಲ.

ಈ ದೇಶದಲ್ಲಿ ಎಚ್‌ಐವಿ ಪತ್ತೆಯಾದ ಕಥೆಯೇ ರಕ್ತದ ಸೀಸೆಗಳ ಪ್ರಯಾಣದ ಕಥೆ. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಪರೀಕ್ಷಿಸುವ ಸೌಲಭ್ಯ ಆ ಊರಿನಲ್ಲಿರಲಿಲ್ಲ. ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಒಯ್ದರು. ಅಲ್ಲಿ ಸೋಂಕು ಕಂಡಿತು. ಖಚಿತಪಡಿಸಿಕೊಳ್ಳಲು ಮಾದರಿಗಳು ಅಮೆರಿಕೆಯವರೆಗೂ ಹೋದವು. ಈಗ ತಾಲ್ಲೂಕು ಮಟ್ಟದ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ದೊಡ್ಡವರಿಗೆ ಅದೇ ದಿನ ಉಚಿತವಾಗಿ ಫಲಿತಾಂಶ ಸಿಗುತ್ತದೆ. ಇದು ಸಣ್ಣ ಸಾಧನೆಯಲ್ಲ.

ಒಂದೇ ಕಿಟ್ ಬಳಸಿ ಅರ್ಧ ಗಂಟೆಯಲ್ಲಿ ಮುಗಿಸುವುದು ಬಿಟ್ಟು ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಪರೀಕ್ಷಿಸಿದ ಮೇಲೆಯೇ ‘ಪಾಸಿಟಿವ್’ ಎಂದು ಬರೆದುಕೊಡುವುದೇಕೆ, ಇದು ಕಾಲಹರಣವಲ್ಲವೇ ಎಂದು ಕೆಲವರು ಕೇಳುವುದುಂಟು. ಇದಕ್ಕೆ ಉತ್ತರ ಶುದ್ಧ ಗಣಿತ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಪ್ರಕಟಿಸಿದ 2021ರ ಅಂದಾಜಿನಂತೆ ವಯಸ್ಕರಲ್ಲಿ ಸೋಂಕಿನ ಪ್ರಮಾಣ ತೆಲಂಗಾಣದಲ್ಲಿ ಶೇ. 0.47, ಕರ್ನಾಟಕದಲ್ಲಿ ಶೇ. 0.46, ಇಡೀ ದೇಶದಲ್ಲಿ ಶೇ. 0.21. ತೆಲಂಗಾಣದ 10,000 ವಯಸ್ಕರನ್ನು ಪರೀಕ್ಷಿಸಿದರೆ ಸುಮಾರು 47 ಜನ ಸೋಂಕಿತರು, ಉಳಿದ 9,953 ಜನ ನಿರೋಗಿಗಳು. ಕಿಟ್ ನಿರೋಗಿಗಳಲ್ಲಿ ಶೇ. 98 ಮಂದಿಯನ್ನು ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎಂದು ಹಿಡಿಯೋಣ. ಹಾಗಾದರೂ ಶೇ. 2ರಷ್ಟು, ಅಂದರೆ 199 ಜನರಿಗೆ ಸುಳ್ಳು ‘ಹೌದು’ ಬರುತ್ತದೆ. ಒಟ್ಟು 246 ‘ಹೌದು’ಗಳಲ್ಲಿ ನಿಜವಾದದ್ದು 47. ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ! ಬೇರೆ ತತ್ತ್ವದ ಎರಡನೆಯ ಕಿಟ್ ಬಳಸಿದಾಗ ಆ 199 ಸುಮಾರು ನಾಲ್ಕಕ್ಕೆ ಇಳಿಯುತ್ತದೆ. ಮೂರನೆಯದರಲ್ಲಿ ಒಂದೂ ಉಳಿಯುವುದು ಕಷ್ಟ. ಸೋಂಕು ಕಡಿಮೆಯಾದಷ್ಟೂ ಸುಳ್ಳು ‘ಹೌದು’ಗಳ ಪಾಲು ಹೆಚ್ಚುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಎಲ್ಲ ದೇಶಗಳಿಗೂ ಮೂರು ಪರೀಕ್ಷೆಗಳ ಪದ್ಧತಿಯನ್ನು ಸೂಚಿಸಿತು. ದಕ್ಷತೆಯ ಹೆಸರಿನಲ್ಲಿ ಉಳಿತಾಯ ಮಾಡಬಾರದ ಜಾಗ ಇದು. ಒಂದು ಸುಳ್ಳು ವರದಿ ಒಂದು ಸಂಸಾರವನ್ನೇ ಒಡೆದೀತು.

ಪ್ರಯೋಗಾಲಯಗಳ ಮೇಲೆ ಪ್ರಯೋಗಾಲಯಗಳ ಕಾವಲೂ ಇದೆ. ಪುಣೆಯಲ್ಲಿ ಹಿಂದೆ ‘ನಾರಿ’ ಎಂದು ಹೆಸರಾಗಿದ್ದ ಸಂಸ್ಥೆ ಎಲ್ಲಕ್ಕೂ ಮೇಲಿನದು. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ರಾಷ್ಟ್ರೀಯ ಪರಾಮರ್ಶೆ ಪ್ರಯೋಗಾಲಯಗಳು ಅದರ ಕೆಳಗೆ, ಅವುಗಳ ಕೆಳಗೆ ರಾಜ್ಯ ಮಟ್ಟದವು, ಕೊನೆಗೆ ಐಸಿಟಿಸಿಗಳು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಮೊದಲ ವಾರದಲ್ಲಿ ಸಂಗ್ರಹಿಸಿದ ಪಾಸಿಟಿವ್ ಮಾದರಿಗಳಲ್ಲಿ ಶೇ. 20 ಹಾಗೂ ನೆಗೆಟಿವ್ ಮಾದರಿಗಳಲ್ಲಿ ಶೇ. 5ರಷ್ಟನ್ನು ಮೇಲಿನ ಪ್ರಯೋಗಾಲಯಕ್ಕೆ ಮರುಪರೀಕ್ಷೆಗೆ ಕಳಿಸಬೇಕೆಂಬ ಪದ್ಧತಿಯನ್ನು ನ್ಯಾಕೋ ಮಾರ್ಗಸೂಚಿ ಹಾಕಿಕೊಟ್ಟಿತು. ಬ್ಯಾಂಕುಗಳ ತನಿಖೆಯೂ ಹೀಗೆಯೇ ನಡೆಯುವುದು. ಉತ್ತರ ಸರಿಯೇ ಎಂದು ನೋಡುವ ಈ ಏರ್ಪಾಡು ಚೆನ್ನಾಗಿದೆ. ಉತ್ತರ ಮುಟ್ಟಿತೇ ಎಂದು ನೋಡಲು ಇಷ್ಟೇ ಕಟ್ಟುನಿಟ್ಟಾದ ಏರ್ಪಾಡು ಬೇಕು.

ಮುಟ್ಟದಿರುವ ಅಪಾಯ ಎಲ್ಲಕ್ಕಿಂತ ಹೆಚ್ಚಿರುವುದು ಹಸುಗೂಸುಗಳ ವಿಷಯದಲ್ಲಿ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರಬಹುದಾದ್ದರಿಂದ ದೊಡ್ಡವರ ಕಿಟ್ ಇಲ್ಲಿ ಉಪಯೋಗಕ್ಕೆ ಬಾರದು. ಮಗುವಿಗೆ ಆರು ವಾರವಾದಾಗ ಹಿಮ್ಮಡಿಗೆ ಸೂಜಿ ಚುಚ್ಚಿ, ಕೆಲವು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಬೀಳಿಸಿ, ಒಣಗಿಸಿ, ವೈರಾಣುವನ್ನೇ ನೇರವಾಗಿ ಹುಡುಕುವ ಪ್ರಯೋಗಾಲಯಕ್ಕೆ ಕಳಿಸಬೇಕು. ಒಣಗಿದ ರಕ್ತಕ್ಕೆ ಮಂಜುಗಡ್ಡೆ ಬೇಡ, ಲಕೋಟೆಯಲ್ಲೇ ಹೋಗುತ್ತದೆ. ಇದು ಜಾಣ ಉಪಾಯವೇ. ಆದರೆ ಇಂಥ ಪ್ರಯೋಗಾಲಯಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಲಕೋಟೆ ಹೋಗಬೇಕು, ಸರದಿ ಬರಬೇಕು, ವರದಿ ಹಿಂದಿರುಗಬೇಕು, ಅಷ್ಟರಲ್ಲಿ ತಾಯಿ ಮತ್ತೆ ಆಸ್ಪತ್ರೆಗೆ ಬರಬೇಕು. ಸೋಂಕು ಕಂಡರೆ ಎರಡನೆಯ ಮಾದರಿಯಿಂದ ಖಚಿತಪಡಿಸಿಕೊಳ್ಳಬೇಕು.

ಇಲ್ಲಿಯೇ ಕನ್ನಡ ಕುಟುಂಬಗಳ ರೂಢಿಯೊಂದು ಅಡ್ಡ ಬರುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಹೈದರಾಬಾದಿನಲ್ಲಿ ಗಂಡನ ಮನೆ, ಯಾದಗಿರಿಯ ಹಳ್ಳಿಯಲ್ಲಿ ತವರು ಇರುವ ಹೆಣ್ಣುಮಗಳನ್ನು ನೆನೆದುಕೊಳ್ಳಿ. ಗರ್ಭಿಣಿಯ ಮೊದಲ ತಪಾಸಣೆ ನಾಂಪಲ್ಲಿ ಸುತ್ತಿನ ಆಸ್ಪತ್ರೆಯಲ್ಲಿ. ಸೋಂಕು ತಿಳಿದದ್ದೂ, ಮಾತ್ರೆ ಶುರುವಾದದ್ದೂ ಅಲ್ಲಿಯೇ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಆಕೆ ತವರಿಗೆ ಹೋಗುತ್ತಾಳೆ. ಮಗುವಿಗೆ ಆರು ವಾರ ತುಂಬುವುದು ಬಾಣಂತನದ ನಟ್ಟನಡುವೆ, ಇನ್ನೊಂದು ರಾಜ್ಯದಲ್ಲಿ. ತನಗೆ ಸೋಂಕಿದೆ ಎಂದು ಆಕೆ ಹೆತ್ತ ತಾಯಿಗೂ ಹೇಳಿರುವುದಿಲ್ಲ. ‘ಎಳೆಗೂಸನ್ನು ಬಿಸಿಲಲ್ಲಿ ಯಾಕೆ ಹೊರಗೆ ಒಯ್ಯಬೇಕು’ ಎಂದು ಅಜ್ಜಿ ಕೇಳಿದರೆ ಆಕೆ ಏನು ಉತ್ತರ ಕೊಟ್ಟಾಳು? ತೆಲಂಗಾಣದ ದಾಖಲೆಯಲ್ಲಿ ಆಕೆ ಬಾರದವಳು. ಕರ್ನಾಟಕದ ದಾಖಲೆಯಲ್ಲಿ ಆಕೆಯ ಹೆಸರೇ ಇರಲಿಕ್ಕಿಲ್ಲ. ಇದು ಯಾವುದೋ ಒಂದು ಆಸ್ಪತ್ರೆಯ ಲೋಪವಲ್ಲ. ಎರಡೂ ಕಡೆಯ ಸಿಬ್ಬಂದಿ ತಮ್ಮ ಪಾಲಿನ ಕೆಲಸ ಮಾಡಿದ್ದರೂ ಮಗು ನಡುವೆ ಬಿದ್ದುಹೋಗುತ್ತದೆ.

ತಾಯಿ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಮಗುವಿಗೆ ಸೋಂಕು ತಗಲುವ ಸಂಭವ ಶೇ. 5ಕ್ಕಿಂತ ಕೆಳಗೆ ಬರುತ್ತದೆ. ಏನೂ ಮಾಡದಿದ್ದರೆ ಅದು ಶೇ. 15ರಿಂದ 45. ತಗಲಿದ ಮಗುವಿಗೆ ಚಿಕಿತ್ಸೆ ಸಿಗದಿದ್ದರೆ ಸುಮಾರು ಅರ್ಧದಷ್ಟು ಮಕ್ಕಳು ಎರಡು ವರ್ಷ ತುಂಬುವುದರೊಳಗೆ ತೀರಿಹೋಗುತ್ತವೆ. ಅದರಲ್ಲೂ ಮೊದಲ ಕೆಲವು ತಿಂಗಳುಗಳೇ ಅಪಾಯದವು. ಸೋಂಕು ಕಂಡ ಕೂಡಲೇ ಔಷಧಿ ಆರಂಭಿಸಿದರೆ, ಕಾದು ಆರಂಭಿಸಿದ್ದಕ್ಕಿಂತ ಸಾವು ಶೇ. 76ರಷ್ಟು ಕಡಿಮೆಯಾಗುತ್ತದೆಂದು ದಕ್ಷಿಣ ಆಫ್ರಿಕಾದ ವೈದ್ಯರು 2008ರಲ್ಲಿ ತೋರಿಸಿಕೊಟ್ಟರು. ಆದ್ದರಿಂದ ಮಗುವಿನ ವರದಿ ಒಂದು ತಿಂಗಳು ತಡವಾಯಿತು ಎನ್ನುವುದು ಕಚೇರಿಯ ಕಡತ ತಡವಾದಂತಲ್ಲ.

ಹಾಗಾದರೆ ತಡವಾಗುವುದೆಲ್ಲಿ? ದೂರವೊಂದೇ ಕಾರಣವಲ್ಲ. ದೊಡ್ಡ ಪ್ರಯೋಗಾಲಯದ ಯಂತ್ರ ಒಂದೇ ಸಲಕ್ಕೆ ಹತ್ತಾರು ಮಾದರಿಗಳನ್ನು ಪರೀಕ್ಷಿಸುತ್ತದೆ. ತುಂಬಿಸಿ ಓಡಿಸಿದರೆ ಒಂದೊಂದು ಪರೀಕ್ಷೆಯ ಖರ್ಚು ಇಳಿಯುತ್ತದೆ, ಅರ್ಧಂಬರ್ಧ ಓಡಿಸಿದರೆ ಕಿಟ್ ದಂಡ. ಹೀಗಾಗಿ ಮಾದರಿಗಳು ಸಾಕಷ್ಟು ಕೂಡುವವರೆಗೆ ಕಾಯುವುದು ಲೆಕ್ಕದ ಪ್ರಕಾರ ‘ದಕ್ಷತೆ’. ಕಾಯುವ ನಷ್ಟ ಮಾತ್ರ ಪ್ರಯೋಗಾಲಯದ ಪುಸ್ತಕದಲ್ಲಿ ಖರ್ಚಾಗುವುದಿಲ್ಲ. ಸಿಟಿ ಬಸ್ಸು ಭರ್ತಿಯಾಗುವವರೆಗೂ ಡ್ರೈವರು ಸ್ಟ್ಯಾಂಡಿನಲ್ಲೇ ನಿಲ್ಲಿಸಿಕೊಂಡರೆ ಡಿಪೋದ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಕಚೇರಿಗೆ ತಡವಾದವನ ಸಂಬಳ ಹಿಡಿದದ್ದು ಡಿಪೋದವರಿಗೆ ಸಂಬಂಧವಿಲ್ಲ.

ಇದಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಾಗಿಲ್ಲ. ಮೊಜಾಂಬಿಕ್ ದೇಶದ ಆರೋಗ್ಯ ಕೇಂದ್ರಗಳಲ್ಲಿ ಮಗುವಿನ ಪರೀಕ್ಷೆಯನ್ನು ಚಿಕ್ಕ ಯಂತ್ರದಿಂದ ಅಲ್ಲಿಯೇ ಮಾಡಿ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೋಂಕಿತ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳಿಗೆ ಎರಡು ತಿಂಗಳೊಳಗೆ ಔಷಧಿ ಶುರುವಾಯಿತು. ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದ ಕಡೆ ಎಂಟಕ್ಕೆ ಒಂದು ಮಗುವಿಗೆ ಮಾತ್ರ. ಒಂದೇ ದೇಶ, ಅದೇ ಔಷಧಿ, ವ್ಯತ್ಯಾಸ ವರದಿ ಸಿಕ್ಕ ಹೊತ್ತಿನದಷ್ಟೇ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮಕ್ಕಳಿಗೆ ಈ ಕ್ರಮವನ್ನೇ ಬಲವಾಗಿ ಶಿಫಾರಸು ಮಾಡಿತು.

ಭಾರತದಲ್ಲಿ ಅಂಥ ಯಂತ್ರಗಳಿಲ್ಲವೇ? ಇವೆ. ಕ್ಷಯ ಪತ್ತೆಗೆಂದು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೆ ಬಂದ ಸಿಬಿನ್ಯಾಟ್, ಗೋವೆಯಲ್ಲಿ ತಯಾರಾಗುವ ಟ್ರೂನ್ಯಾಟ್ ಯಂತ್ರಗಳನ್ನು 2020ರ ಕೊರೋನಾ ಕಾಲದಲ್ಲಿ ಜನ ಹೆಸರು ಹಿಡಿದು ಗುರುತಿಸುವಂತಾಯಿತು. ತಕ್ಕ ಕಾರ್ಟ್ರಿಜ್ ಅಥವಾ ಚಿಪ್ ಹಾಕಿದರೆ ಎಚ್‌ಐವಿಯನ್ನೂ ಅಳೆಯಬಲ್ಲ ಯಂತ್ರಗಳಿವು. ಒಂದು ಇಲಾಖೆಯ ಯಂತ್ರವನ್ನು ಇನ್ನೊಂದು ಕಾರ್ಯಕ್ರಮ ಮುಟ್ಟಬಾರದೆಂಬ ಮನೋಭಾವವನ್ನು ಕೊರೋನಾ ಮುರಿದಿತ್ತು. ಆ ಪಾಠ ಮರೆಯಬಾರದು. ಬಿಡಿ ಪರೀಕ್ಷೆಗೆ ಖರ್ಚು ಸ್ವಲ್ಪ ಹೆಚ್ಚೇ ಬೀಳಬಹುದು. ದೊಡ್ಡವರ ವಾರ್ಷಿಕ ಪರೀಕ್ಷೆಗಳನ್ನು ದೊಡ್ಡ ಪ್ರಯೋಗಾಲಯಗಳಿಗೇ ಬಿಟ್ಟು, ಎಳೆಮಕ್ಕಳ ಪರೀಕ್ಷೆಯನ್ನಷ್ಟೇ ಹತ್ತಿರದ ಯಂತ್ರಕ್ಕೆ ತಂದರೂ ಸಾಕು. ಅವುಗಳ ಸಂಖ್ಯೆ ದೊಡ್ಡದೇನಲ್ಲ.

ದೊಡ್ಡವರ ವಾರ್ಷಿಕ ಪರೀಕ್ಷೆ ಎಂದರೆ ವೈರಲ್ ಲೋಡ್, ರಕ್ತದಲ್ಲಿ ವೈರಾಣು ಎಷ್ಟಿದೆ ಎಂಬ ಎಣಿಕೆ. 2018ರಿಂದ ಚಿಕಿತ್ಸೆಯಲ್ಲಿರುವ ಎಲ್ಲರಿಗೂ ಇದನ್ನು ಉಚಿತವಾಗಿ ಮಾಡುವ ಕ್ರಮ ಬಂತು. ಒಂದು ಮಿಲಿಲೀಟರಿಗೆ 1,000ಕ್ಕಿಂತ ಹೆಚ್ಚು ಬಂದರೆ ಮಾತ್ರೆ ತಪ್ಪುತ್ತಿದೆಯೇ ಎಂದು ವಿಚಾರಿಸಿ, ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಬೇಸಗೆಯಲ್ಲಿ ಊರಿಗೆ ಹೋಗಿ, ಮಳೆ ಮುಗಿದ ಮೇಲೆ ಕಟ್ಟಡದ ಕೆಲಸಕ್ಕೆ ಮರಳುವ ಕೂಲಿಕಾರನಿಗೆ ಈ ಮೂರು ತಿಂಗಳು ಎಲ್ಲಿ ತುಂಬುತ್ತದೋ ಹೇಳಲಾಗದು. ಒಬ್ಬೊಬ್ಬ ಫಲಾನುಭವಿಯನ್ನು ಕೇಂದ್ರದಿಂದ ಕೇಂದ್ರಕ್ಕೆ ಹಿಂಬಾಲಿಸಲೆಂದೇ ನ್ಯಾಕೋ ‘ಸೋಚ್’ ಎಂಬ ಗಣಕ ವ್ಯವಸ್ಥೆಯನ್ನು ತಂದಿದೆ. ದಿನಾಂಕಗಳು ಅದರಲ್ಲಿ ದಾಖಲಾಗುತ್ತಿರುವಾಗ, ಮಾದರಿ ತೆಗೆದ ದಿನಕ್ಕೂ ವರದಿ ತಲುಪಿದ ದಿನಕ್ಕೂ ನಡುವಿನ ಅಂತರವನ್ನು ಜಿಲ್ಲಾವಾರು ಲೆಕ್ಕ ಹಾಕಿ ಪ್ರಕಟಿಸುವುದು ಕಷ್ಟವಾಗಬಾರದು. ಹೆಸರು ಬೇಡ, ದಿನಗಳ ಸಂಖ್ಯೆ ಸಾಕು. ಡಿಸೆಂಬರ್ 1ರ ಭಾಷಣದಲ್ಲಿ ಓದಬೇಕಾದದ್ದು ಆ ಸಂಖ್ಯೆಯನ್ನು.

ಇದೆಲ್ಲ ಸರಕಾರದ ಕೆಲಸ, ಕನ್ನಡ ಸಂಘಗಳಿಗೇನು ಎಂಬ ಪ್ರಶ್ನೆ ಏಳಬಹುದು. ಸಂಘಗಳಿಗೂ ಇದಕ್ಕೂ ಇರುವ ನಂಟು ರಕ್ತದಾನ ಶಿಬಿರ. ಊರು ಯಾವುದಿದ್ದರೂ ರಾಜ್ಯೋತ್ಸವವೆಂದರೆ ಧ್ವಜಾರೋಹಣ, ಹಾಡು, ಸನ್ಮಾನ, ರಕ್ತದಾನ ಎಂಬಂತಾಗಿದೆ. ಶಿಬಿರ ಮುಗಿದಾಗ ‘ಇಷ್ಟು ಯೂನಿಟ್ ಸಂಗ್ರಹವಾಯಿತು’ ಎಂದು ವರದಿ ಹೋಗುತ್ತದೆ, ಫೋಟೋ ಅಚ್ಚಾಗುತ್ತದೆ. ಶ್ಲಾಘನೀಯವೇ. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಹಣಕ್ಕೆ ರಕ್ತ ಮಾರುವುದು 1998ರಿಂದ ನಿಂತ ಮೇಲೆ ಇಂಥ ಶಿಬಿರಗಳೇ ರಕ್ತನಿಧಿಗಳ ಆಧಾರ.

ಆದರೆ ಶಿಬಿರದ ಪ್ರತಿ ಚೀಲವೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗೆ ಒಳಗಾಗುತ್ತದೆ ಎಂಬುದನ್ನು ಎಷ್ಟು ದಾನಿಗಳು ಯೋಚಿಸಿರುತ್ತಾರೆ? ರಕ್ತನಿಧಿಯಲ್ಲಿ ಒಂದು ಪರೀಕ್ಷೆಯಲ್ಲಿ ಅನುಮಾನ ಬಂದರೂ ಚೀಲವನ್ನು ನಾಶ ಮಾಡುತ್ತಾರೆ. ರೋಗಿಯ ಸುರಕ್ಷತೆಗೆ ಅದು ಸರಿ. ಆದರೆ ಮೇಲೆ ಹೇಳಿದ ಗಣಿತದಂತೆ ಆ ಒಂದು ಅನುಮಾನ ರೋಗದ ಘೋಷಣೆಯಲ್ಲ. ದಾನಿಯನ್ನು ಕರೆದು, ಐಸಿಟಿಸಿಗೆ ಕಳಿಸಿ, ಮೂರು ಪರೀಕ್ಷೆ ಮಾಡಿಸಿದ ಮೇಲೆಯೇ ಹೌದೋ ಅಲ್ಲವೋ ತಿಳಿಯುವುದು. ಅದಕ್ಕೆಂದೇ ದಾನಕ್ಕೆ ಮೊದಲು ತುಂಬಿಸುವ ನಮೂನೆಯಲ್ಲಿ, ಪರೀಕ್ಷೆಯಲ್ಲಿ ಅಸಹಜವೇನಾದರೂ ಕಂಡರೆ ತಿಳಿಸಬೇಕೇ ಎಂಬ ಪ್ರಶ್ನೆ ಇರುತ್ತದೆ. ಬಿಸ್ಕತ್ತು, ಹಣ್ಣಿನ ರಸದ ಗದ್ದಲದಲ್ಲಿ ಆ ಸಾಲನ್ನು ಓದುವವರು ಎಷ್ಟು ಜನ? ಸ್ವಯಂಸೇವಕರೇ ಸಾಲಾಗಿ ನಮೂನೆ ತುಂಬಿ, ವಿಳಾಸದ ಜಾಗದಲ್ಲಿ ಸಂಘದ ವಿಳಾಸ, ಮೊಬೈಲ್ ಜಾಗದಲ್ಲಿ ಕಾರ್ಯದರ್ಶಿಯ ನಂಬರು ಬರೆದರೆ ಮುಂದೇನಾಗಬೇಕು? ರಕ್ತನಿಧಿಯವರು ಕಾರ್ಯದರ್ಶಿಗೆ ಹೇಳುವಂತಿಲ್ಲ. ಹೇಳಿದರೆ ಕಾನೂನು ಮುರಿದಂತೆ. ಹೇಳದಿದ್ದರೆ ದಾನಿಗೆ ತಿಳಿಯುವುದಿಲ್ಲ. ಆತ ಮುಂದಿನ ನವೆಂಬರಿನಲ್ಲೂ ಹುರುಪಿನಿಂದ ಬಂದು ತೋಳು ಚಾಚುತ್ತಾನೆ.

ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ, ಉದ್ಯೋಗಕ್ಕೆ ಷರತ್ತಾಗಿ ಪರೀಕ್ಷೆ ಕೇಳುವಂತಿಲ್ಲ. ಆದ್ದರಿಂದ ಸಂಘದ ವತಿಯಿಂದ ಸದಸ್ಯರೆಲ್ಲರಿಗೆ ಸಾಮೂಹಿಕ ಪರೀಕ್ಷೆ, ವಧು-ವರರ ಸಮಾವೇಶದಲ್ಲಿ ಸರ್ಟಿಫಿಕೇಟು ಎಂಬಂಥ ಉತ್ಸಾಹದ ಸಲಹೆಗಳನ್ನು ದೂರವಿಡುವುದೇ ಲೇಸು. ಆಸ್ಪತ್ರೆಯಲ್ಲಿ ಭಾಷಾಂತರಕ್ಕೆ ಕನ್ನಡದ ಸ್ವಯಂಸೇವಕರನ್ನು ನಿಲ್ಲಿಸುವ ವಿಚಾರವೂ ಮೇಲ್ನೋಟಕ್ಕೆ ಚಂದ. ಬೀದರಿನವರಿಗೆ ದಖನಿ ಬರುತ್ತದೆ, ಸಮಾಲೋಚಕರ ಮಾತು ಹೇಗೋ ತಿಳಿದೀತು. ಯಾದಗಿರಿ ಹಳ್ಳಿಯ ಹೆಣ್ಣುಮಗಳಿಗೆ ಕನ್ನಡ ಬಿಟ್ಟರೆ ಬೇರೆ ಬಾರದು, ನಿಜ. ಆದರೆ ಈ ಕಾಯಿಲೆಯಲ್ಲಿ ಆಕೆ ಎಲ್ಲರಿಗಿಂತ ಹೆಚ್ಚು ಹೆದರುವುದು ತನ್ನ ಭಾಷೆಯ, ತನ್ನ ಊರಿನ ಕಡೆಯ ಪರಿಚಿತ ಮುಖಕ್ಕೇ. ಅಲ್ಲಿ ಬೇಕಾದದ್ದು ಮನುಷ್ಯರಲ್ಲ, ಅಚ್ಚಾದ ಒಂದು ಹಾಳೆ. ಮಗುವಿನ ಪರೀಕ್ಷೆ ಆರನೆಯ ವಾರಕ್ಕೆ, ತವರಿಗೆ ಹೋಗುವ ಮುನ್ನ ಕೇಂದ್ರದಿಂದ ವರ್ಗಾವಣೆ ಪತ್ರ ಕೇಳಿ ಪಡೆಯಿರಿ, ಮಾತ್ರೆ ನಿಲ್ಲಿಸಬೇಡಿ, ಸಂದೇಹವಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ. ಇಷ್ಟೇ ನಾಲ್ಕು ಮಾತು, ದಪ್ಪ ಅಕ್ಷರದಲ್ಲಿ, ಸರಳ ಕನ್ನಡದಲ್ಲಿ. ಸಂಘದ ಹೆಸರು, ಪದಾಧಿಕಾರಿಗಳ ಭಾವಚಿತ್ರ ಅದರಲ್ಲಿ ಬೇಡ.

ಶಿಬಿರದ ಮಟ್ಟಿಗೆ ಹೇಳುವುದಾದರೆ, ಕಾರ್ಯಕಾರಿ ಸಮಿತಿಯವರು ರಕ್ತನಿಧಿಯನ್ನು ಗೊತ್ತುಪಡಿಸುವ ಮೊದಲೇ ಎರಡು ಪ್ರಶ್ನೆ ಕೇಳಬಹುದು. ಅಸಹಜ ಫಲಿತಾಂಶ ಬಂದ ದಾನಿಯನ್ನು ನೀವು ಹೇಗೆ ಸಂಪರ್ಕಿಸುತ್ತೀರಿ? ಕಳೆದ ವರ್ಷ ಹಾಗೆ ಕರೆದವರಲ್ಲಿ ಎಷ್ಟು ಮಂದಿ ಬಂದರು? ಹೆಸರು ಕೇಳುವ ಹಕ್ಕು ಯಾರಿಗೂ ಇಲ್ಲ, ಸಂಖ್ಯೆ ಕೇಳಿದರೆ ತಪ್ಪಿಲ್ಲ. ಉತ್ತರ ಕೊಡಲು ತಡವರಿಸುವವರನ್ನು ಬಿಟ್ಟು ಬೇರೆಯವರನ್ನು ಕರೆಯಬಹುದು. ಪ್ರತಿ ದಾನಿಯೂ ತನ್ನ ಸ್ವಂತ ಮೊಬೈಲ್ ನಂಬರನ್ನು ತಾನೇ ಬರೆಯಲಿ. ನಮೂನೆ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇದ್ದರೆ ಆ ಒಪ್ಪಿಗೆಯ ಸಾಲಿನ ಕನ್ನಡ ಅರ್ಥವನ್ನು ಮೇಜಿನ ಮೇಲೆ ಅಂಟಿಸಿಡಲಿ. ಹೈದರಾಬಾದಿನ ಕನ್ನಡಿಗರು ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಬೆಳೆಸಿಕೊಂಡು ಬಂದವರು. ಅವರಿಗೆ ಇದು ಒಂದು ಸಂಜೆಯ ಕೆಲಸ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಊಟದ ಏರ್ಪಾಡಿಗಿಂತ ಮೊದಲು ಈ ವಿಷಯ ಬಂದರೆ, ನವೆಂಬರಿನ ಶಿಬಿರಕ್ಕೆ ಹಾಳೆಗಳು ಸಿದ್ಧವಾಗಿರುತ್ತವೆ.